ಮನೆಮಂದಿಯ ಆರೋಗ್ಯ: ನೋಡುವ ಕನ್ನಡಕ, ಕಾಯುವ ಕನ್ನಡಕ

ಕುಂಬಳೆಯ ಕಡೆಯ ಗೃಹಿಣಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಮಗಳು ಕಾಲೇಜಿನ ಎನ್.ಸಿ.ಸಿ.ಗೆ ಸೇರಿದ್ದಾಳೆ. ಮೈನಸ್ ಎರಡೂವರೆ ಪವರಿನ ಕನ್ನಡಕ ಧರಿಸುವ ಹುಡುಗಿ. ಬರಲಿರುವ ಶಿಬಿರದಲ್ಲಿ ಬಂದೂಕಿನ ಗುರಿ ಅಭ್ಯಾಸವಿದೆ. ಕಣ್ಣು ಜೋಪಾನವೆಂದು ತಾಯಿ ಹೇಳಿದರೆ, "ಕನ್ನಡಕ ಇದ್ದೇ ಇದೆಯಲ್ಲ, ಮತ್ತೇನು ಭಯ?" ಎಂದು ಮಗಳ ವಾದ. ಮನೆಯ ಹಿರಿಯರಾದ ಮಾವನವರಾದರೋ ಬೆಳೆರಕ್ಷಣೆಗೆಂದು ಲೈಸೆನ್ಸು ಪಡೆದು ನಲ್ವತ್ತು ವರ್ಷಗಳಿಂದ ಕೋವಿ ಹಿಡಿದವರು. ಅವರೂ ಮೊಮ್ಮಗಳ ಪಕ್ಷ. "ಇಬ್ಬರೂ ಒಂದಾದ ಮೇಲೆ ನನ್ನ ಮಾತು ಯಾರು ಕೇಳುತ್ತಾರೆ? ತಾವಾದರೂ ಬರೆಯಿರಿ" ಎಂದು ಆ ಸೋದರಿಯ ವಿನಂತಿ.

ಈ ವಾದದಲ್ಲಿ ಪಕ್ಷ ವಹಿಸುವುದು ಅನಿವಾರ್ಯವಾಗಿದೆ. ನಾವು ತಾಯಿಯ ಪಕ್ಷ. ದೃಷ್ಟಿದೋಷವನ್ನು ಸರಿಪಡಿಸುವುದಕ್ಕಾಗಿ ಮಾಡಿದ ಕನ್ನಡಕ ಬೇರೆ. ಕಣ್ಣನ್ನು ಪೆಟ್ಟಿನಿಂದ ಕಾಯುವುದಕ್ಕಾಗಿ ಮಾಡಿದ ಕನ್ನಡಕ ಬೇರೆ. ಎರಡೂ ಮೂಗಿನ ಮೇಲೆಯೇ ಕುಳಿತುಕೊಳ್ಳುವುದರಿಂದ ಒಂದೇ ಎಂಬ ಭ್ರಮೆ ಹುಟ್ಟುತ್ತದೆ. ಕನ್ನಡಕವೇ ಇಲ್ಲದವನು ಬಂದೂಕಿನೆದುರು ತನ್ನ ಕಣ್ಣು ಬರಿಗಣ್ಣೆಂದು ಅರಿತಿರುತ್ತಾನೆ. ಬೇರೊಂದು ಕಾಪನ್ನು ಕೊಟ್ಟರೆ ಧರಿಸುತ್ತಾನೆ. ಕನ್ನಡಕವುಳ್ಳವನೇ "ನನಗೆ ಇದೆ" ಎಂದು ಅದನ್ನು ಹಿಂದಿರುಗಿಸುತ್ತಾನೆ.

ಈ ಭ್ರಮೆಗೆ ಇತ್ತೀಚೆಗೆ ಒಂದು ಪ್ರಸಿದ್ಧ ಚಿತ್ರವೂ ಪುಷ್ಟಿ ನೀಡಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ತುರ್ಕಿಯ ಯೂಸುಫ್ ಡಿಕೆಚ್ ಎಂಬ ಐವತ್ತೊಂದರ ಪ್ರಾಯದ ಗುರಿಕಾರರು ಒಂದು ಕೈಯನ್ನು ಕಿಸೆಯಲ್ಲಿರಿಸಿ, ದಿನಬಳಕೆಯ ಕನ್ನಡಕವನ್ನೇ ಧರಿಸಿ, ಜತೆಗಾತಿಯೊಂದಿಗೆ ಮಿಶ್ರ ತಂಡದ ಬೆಳ್ಳಿ ಪದಕವನ್ನು ಗಳಿಸಿದರು. ಅದೇ ಸ್ಪರ್ಧೆಯಲ್ಲಿ ನಮ್ಮ ಮನು ಭಾಕರ್ ಮತ್ತು ಸರಬ್‌ಜೋತ್ ಸಿಂಗ್ ಕಂಚು ಪಡೆದುದು ವಾಚಕರಿಗೆ ನೆನಪಿರಬಹುದು. ಆದರೆ ಅದು 10 ಮೀಟರ್ ದೂರದ ಏರ್ ಪಿಸ್ತೂಲಿನ ಸ್ಪರ್ಧೆ. ಅಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ, ಸಿಡಿದು ಹೊರಬರುವ ಹಿತ್ತಾಳೆಯ ಕೋಶವಿಲ್ಲ. ಮೆದುವಾದ ಸೀಸದ ಪುಟ್ಟ ಗುಂಡು ಅದಕ್ಕೆಂದೇ ರಚಿಸಿದ ಬಲೆಯೊಳಗೆ ಬೀಳುತ್ತದೆ. ಅಷ್ಟಿದ್ದರೂ ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮಾವಳಿಯು ಒಡೆದು ಚೂರಾಗದ ಕನ್ನಡಕವನ್ನು ಧರಿಸಬೇಕೆಂದು ಸ್ಪರ್ಧಿಗಳೆಲ್ಲರನ್ನೂ ಒತ್ತಾಯಪೂರ್ವಕ ಕೇಳಿಕೊಳ್ಳುತ್ತದೆ. ಏರ್ ಗನ್ನು ಆಟಿಕೆಯೆಂದು ತಿಳಿದು ಮನೆಯಂಗಳದಲ್ಲಿ ಮಕ್ಕಳ ಕೈಗೆ ಕೊಡುವವರಿದ್ದಾರೆ. ಕಲ್ಲಿಗೋ ಕಬ್ಬಿಣಕ್ಕೋ ತಗಲಿದ ಅದರ ಗುಂಡು ಬಂದ ದಾರಿಯಲ್ಲೇ ಹಿಂದಿರುಗಬಲ್ಲದು. ಅದರಿಂದ ಕಣ್ಣು ಕಳೆದುಕೊಂಡ ಬಾಲಕರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಎನ್.ಸಿ.ಸಿ.ಯ ಮಕ್ಕಳು ಸಾಮಾನ್ಯವಾಗಿ ಅಭ್ಯಾಸ ಮಾಡುವ ಪಾಯಿಂಟ್ ಟೂ ಟೂ ರೈಫಲಿನಲ್ಲಿ ಮದ್ದಿದೆ. ತೋಟೆಯ ಹಿತ್ತಾಳೆಯ ಅಂಚು ಅಪರೂಪಕ್ಕೊಮ್ಮೆ ಬಿರಿದರೆ ಬಿಸಿಯಾದ ಅನಿಲವೂ ಮದ್ದಿನ ಕಣಗಳೂ ಹಿಂದಕ್ಕೆ, ಅಂದರೆ ಗುರಿಯಿಡುವವಳ ಮುಖದತ್ತ ನುಗ್ಗುತ್ತವೆ. ಸಾಲಾಗಿ ಮಲಗಿ ಹೊಡೆಯುವಾಗ ನೆರೆಯವನ ಬಂದೂಕಿನಿಂದ ಹಾರಿದ ಖಾಲಿ ಕೋಶ ಕನ್ನಡಕಕ್ಕೂ ಹುಬ್ಬಿಗೂ ನಡುವಿನ ಸಂದಿಯಲ್ಲಿ ಬಿದ್ದು ಸುಡುವುದುಂಟು. ಆಗ ಬೆಚ್ಚಿಬಿದ್ದವನ ಕೈಯಲ್ಲಿ ತುಂಬಿದ ಬಂದೂಕಿರುತ್ತದೆ ಎಂಬುದು ಸುಟ್ಟ ಗಾಯಕ್ಕಿಂತಲೂ ದೊಡ್ಡ ಅಪಾಯ. ತಲೆಗೆ ಅಂಚುಳ್ಳ ಟೊಪ್ಪಿ ಧರಿಸುವುದು ಇದಕ್ಕೆ ಅತಿ ಸುಲಭವಾದ ಉಪಾಯ.

ದಿನಬಳಕೆಯ ಕನ್ನಡಕ ಈ ಪೆಟ್ಟುಗಳನ್ನು ತಡೆಯಲಾರದೆ? ಎಷ್ಟು ತಡೆಯುವುದೆಂಬುದನ್ನು ಪರೀಕ್ಷೆಯ ಕ್ರಮದಿಂದಲೇ ತಿಳಿಯಬಹುದು. ಸಾಮಾನ್ಯ ಕನ್ನಡಕದ ಗಾಜು ಪೆಟ್ಟು ತಾಳಬೇಕೆಂದು ಅಮೆರಿಕದಲ್ಲಿ 1972ರಲ್ಲಿ ನಿಯಮ ಬಂತು. ಸುಮಾರು 16 ಮಿ.ಮೀ. ವ್ಯಾಸದ ಉಕ್ಕಿನ ಗುಂಡನ್ನು 127 ಸೆಂ.ಮೀ. ಎತ್ತರದಿಂದ ಗಾಜಿನ ಮೇಲೆ ಬೀಳಿಸಿದಾಗ ಅದು ಒಡೆಯಬಾರದು, ಇಷ್ಟೇ ಪರೀಕ್ಷೆ. ಮೇಜಿನಿಂದ ಬಿದ್ದ ಗೋಲಿಯ ಪೆಟ್ಟಿನಂತಹುದು. ಕಣ್ಗಾಪಿನ ಕನ್ನಡಕಕ್ಕಾದರೋ ಅದೇ ದೇಶದ ಝಡ್ 87 ಎಂಬ ಮಾನದಂಡದಲ್ಲಿ, 6.35 ಮಿ.ಮೀ. ಗಾತ್ರದ ಉಕ್ಕಿನ ಗುಂಡನ್ನು ಸೆಕೆಂಡಿಗೆ 45 ಮೀಟರಿಗೂ ಮಿಕ್ಕ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 165 ಕಿಲೋಮೀಟರ್ ವೇಗದಲ್ಲಿ ಹೊಡೆದು ನೋಡುತ್ತಾರೆ. ಗಾಜು ಬಿರಿಯಬಾರದು, ಚೌಕಟ್ಟಿನಿಂದ ಕಳಚಿ ಹಿಂದಕ್ಕೆ ಬೀಳಲೂ ಬಾರದು. ಈ ಎರಡನೆಯ ನಿಬಂಧನೆಯನ್ನು ಜನರು ಗಮನಿಸುವುದಿಲ್ಲ. ಗಾಜು ಎಷ್ಟೇ ಗಟ್ಟಿಯಿದ್ದರೂ ತೆಳುವಾದ ತಂತಿಯ ಚೌಕಟ್ಟಿನಿಂದ ಕಳಚಿಕೊಂಡರೆ ಅದೇ ಕಣ್ಣಿಗೆ ಬಂದು ಬಡಿಯುತ್ತದೆ. ಪಕ್ಕದಿಂದ ಬರುವ ಚೂರನ್ನಂತೂ ಯಾವ ಸಾಮಾನ್ಯ ಕನ್ನಡಕವೂ ತಡೆಯದು.

ಕಣ್ಗಾಪಿನ ಕನ್ನಡಕಕ್ಕೂ ಮಿತಿಯಿದೆಯೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ನೇರವಾಗಿ ಬರುವ ರೈಫಲಿನ ಗುಂಡನ್ನು ಅದು ತಡೆಯುವುದಿಲ್ಲ. ಸಿಡಿದ ಚೂರು, ಹಿಂದಿರುಗಿದ ಕಣ, ಬಿಸಿ ಅನಿಲ, ಹಾರಿಬಂದ ಕೋಶ, ಇವುಗಳಿಂದ ಕಾಯುವುದೇ ಅದರ ಕೆಲಸ.

ಇನ್ನು ಅಂಗಡಿಯ ಮಾತು. ನಮ್ಮ ಕನ್ನಡಕದ ಅಂಗಡಿಗಳಲ್ಲಿ "ಫೈಬರ್" ಎಂದು ಮಾರುವುದು ಹೆಚ್ಚಾಗಿ ಸಿ.ಆರ್. 39 ಎಂಬ ಪ್ಲಾಸ್ಟಿಕ್. ಹಳೆಯ ಗಾಜಿಗಿಂತ ಹಗುರ, ನೋಟಕ್ಕೆ ನಿರ್ಮಲ. ಆದರೆ ಬಲವಾದ ಪೆಟ್ಟಿಗೆ ಒಡೆಯುತ್ತದೆ. "ಅನ್‌ಬ್ರೇಕೆಬಲ್" ಎಂಬ ಮಾತನ್ನು ಅಂಗಡಿಯವರು ಧಾರಾಳವಾಗಿ ಬಳಸುವುದರಿಂದ ಅದೊಂದನ್ನೇ ನಂಬದೆ, ಪಾಲಿಕಾರ್ಬೊನೇಟ್ ಎಂದು ಹೆಸರು ಹಿಡಿದು ಕೇಳಬೇಕು. ಬಿಲ್ಲಿನಲ್ಲಿಯೂ ಹಾಗೆಯೇ ಬರೆಯಿಸಬೇಕು. 1953ರಲ್ಲಿ ಜರ್ಮನಿಯ ಹರ್ಮನ್ ಶ್ನೆಲ್, ಅಮೆರಿಕದ ಡೇನಿಯಲ್ ಫಾಕ್ಸ್ ಎಂಬಿಬ್ಬರು ವಿಜ್ಞಾನಿಗಳು ಬೇರೆ ಬೇರೆಯಾಗಿ ಇದನ್ನು ಕಂಡುಹಿಡಿದರು. ಪೆಟ್ಟು ಬಿದ್ದಾಗ ಚೂರಾಗದೆ ಬಾಗಿ ತಗ್ಗುವುದು ಇದರ ಗುಣ. ಸುಲಭವಾಗಿ ಗೀರು ಬೀಳುವುದು ದೋಷ. ಗಾಜಿನ ಅಂಚಿನಿಂದ ನೋಡಿದಾಗ ವಸ್ತುಗಳಿಗೆ ತುಸು ಬಣ್ಣದ ಅಂಚು ಕಾಣಿಸುವುದೂ ಉಂಟು. ಅದು ಸಹಿಸದವರಿಗೆ ಟ್ರೈವೆಕ್ಸ್ ಎಂಬ ಇನ್ನೊಂದು ಬಗೆಯಿದೆ, ಬೆಲೆ ಅಧಿಕ. ಹೆಚ್ಚು ಪವರಿನವರಿಗೆ ತೆಳುವಾಗಿ ಕಾಣಲೆಂದು ಕೊಡುವ ದುಬಾರಿಯಾದ "ಹೈ ಇಂಡೆಕ್ಸ್" ಗಾಜು ಇವೆರಡರಷ್ಟು ಪೆಟ್ಟು ತಾಳುವುದಿಲ್ಲ. ಬೆಲೆ ಹೆಚ್ಚಾದುದರಿಂದ ರಕ್ಷಣೆಯೂ ಹೆಚ್ಚೆಂದು ತಿಳಿಯಬಾರದು.

ಪತ್ರ ಬರೆದ ಸೋದರಿಯ ಮಗಳಿಗೆ ಈಗಿಂದೀಗಲೇ ಒದಗುವ ಮಾರ್ಗವೆಂದರೆ, ಇರುವ ಕನ್ನಡಕದ ಮೇಲೆಯೇ ಧರಿಸಬಹುದಾದ ಅಗಲವಾದ ಕಣ್ಗಾಪು. ಪಕ್ಕಗಳೂ ಮುಚ್ಚಿರುತ್ತವೆ; ಕಾರ್ಖಾನೆಯ ಸುರಕ್ಷಾ ಸಾಮಗ್ರಿ ಮಾರುವಲ್ಲಿ ದೊರೆಯುತ್ತದೆ. ಕೊಳ್ಳುವಾಗ ಚೌಕಟ್ಟಿನ ಮೇಲೆ ಝಡ್ 87 ಮತ್ತು ಅದರ ಮುಂದೆ ಕೂಡಿಸುವ ಚಿಹ್ನೆ ಇದೆಯೇ ಎಂದು ನೋಡಬೇಕು. ಆ ಚಿಹ್ನೆಯೇ ಹೆಚ್ಚಿನ ಪೆಟ್ಟು ತಾಳಿದುದರ ಗುರುತು. ಮಾನದಂಡದ ಗುರುತೇ ಇಲ್ಲದ್ದು ಎಷ್ಟು ಚೆಂದವಾಗಿದ್ದರೂ ಬೇಡ. ಶಿಬಿರಕ್ಕೆ ಮೊದಲೇ ಮನೆಯಲ್ಲಿ ಅದನ್ನು ಧರಿಸಿ ಕವುಚಿ ಮಲಗಿ ನೋಡಬೇಕು. ಮಲಗಿ ಗುರಿಯಿಡುವಾಗ ತಲೆ ಮುಂದಕ್ಕೆ ಬಾಗುವುದರಿಂದ ನೋಟವು ಗಾಜಿನ ನಡುವಿನಿಂದ ಹಾಯದೆ ಮೇಲಂಚಿನ, ಮೂಗಿನ ಬದಿಯ ಮೂಲೆಯಿಂದ ಹಾಯುತ್ತದೆ. ಸಣ್ಣ ಚೌಕಟ್ಟಾದರೆ ಅಂಚೇ ಅಡ್ಡಬರುತ್ತದೆ. ಬೆವರಿಗೆ ಜಾರಿದರಂತೂ ಏನೂ ಕಾಣದು. ಆಗ ಮಕ್ಕಳು ಮಾಡುವುದೇನು? ಕನ್ನಡಕವನ್ನೇ ಕಳಚಿ ಪಕ್ಕಕ್ಕಿಡುತ್ತಾರೆ. ಆದುದರಿಂದ ಹಿಂಬದಿಯಿಂದ ಬಿಗಿಯುವ ಪಟ್ಟಿಯೊಂದು ಅವಶ್ಯ. ಮುಂದೆ ಅವಳಿಗೆ ಈ ಕ್ರೀಡೆಯಲ್ಲಿ ಆಸಕ್ತಿ ಬೆಳೆದರೆ, ಪವರು ಸೇರಿಸಿದ ಪಾಲಿಕಾರ್ಬೊನೇಟ್ ಕಣ್ಗಾಪನ್ನೇ ಮಾಡಿಸಿಕೊಳ್ಳಬಹುದು. ಕಾಂಟ್ಯಾಕ್ಟ್ ಲೆನ್ಸ್ ಧರಿಸಿ ಮೇಲೆ ಪವರಿಲ್ಲದ ಕಣ್ಗಾಪು ಹಾಕುವುದೂ ಒಳ್ಳೆಯ ಕ್ರಮವೇ. ಆದರೆ ಲೆನ್ಸೊಂದೇ ಯಾವ ರಕ್ಷಣೆಯನ್ನೂ ನೀಡದು.

ಇನ್ನು ಮಾವನವರು. ಹಂದಿಯ ಉಪದ್ರವಕ್ಕೆ ಕೋವಿ ಹಿಡಿಯಬೇಕಾದವರ ಕಷ್ಟ ಈ ಸೀಮೆಯ ಕೃಷಿಕರೆಲ್ಲರಿಗೂ ತಿಳಿದುದೇ. ಬೆಳೆಹಾನಿ ಮಾಡುವ ಕಾಡುಹಂದಿಯನ್ನು ಕೊಲ್ಲಿಸುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಸ್ಥಳೀಯಾಡಳಿತದ ಅಧ್ಯಕ್ಷರಿಗೆ ಕೊಟ್ಟ ಬಳಿಕ ಲೈಸೆನ್ಸುದಾರರಿಗೆ ಕರೆಯೂ ಹೆಚ್ಚಿದೆ. ಅವರಲ್ಲಿ ಅನೇಕರು ಪ್ರಾಯ ಸಂದವರು, ಎರಡು ಪಾಲಿನ ಕನ್ನಡಕದವರು. ನಲ್ವತ್ತೈದು ದಾಟಿದ ಕಣ್ಣಿಗೆ ನಳಿಗೆಯ ತುದಿಯ ಗುರಿಮೊನೆ ಮಸುಕಾಗುತ್ತದೆ. ಕೆಳಪಾಲಿನಿಂದ ನೋಡಲೆಂದು ತಲೆಯೆತ್ತಿದರೆ ಗುರಿ ತಪ್ಪುತ್ತದೆ. ಕನ್ನಡಕ ತೆಗೆದರೆ ಕಣ್ಣಿಗೆ ಕಾಪಿಲ್ಲ. ದೂರದ ಪವರಿಗೆ ಅರ್ಧದಷ್ಟು ಪ್ಲಸ್ ಸೇರಿಸಿದ ಒಂದೇ ಪಾಲಿನ ಕಣ್ಗಾಪನ್ನು ಮಾಡಿಸಿಕೊಂಡರೆ, ಉದ್ದ ನಳಿಗೆಯ ಕೋವಿಗೆ ಅದು ಸಾಮಾನ್ಯವಾಗಿ ಹೊಂದುತ್ತದೆ. ಕಣ್ಣಿನಿಂದ ಗುರಿಮೊನೆಗಿರುವ ಅಂತರವನ್ನು ಮನೆಯಲ್ಲಿ ಅಳೆದು ಬರೆದುಕೊಂಡು ಹೋಗಿ ಕಣ್ಣಿನ ವೈದ್ಯರಿಗೆ ಹೇಳಬೇಕು. ತೋರಿಸಲು ಕೋವಿಯನ್ನೇ ಒಯ್ಯಬೇಕಾಗಿಲ್ಲ. ಅಷ್ಟುದ್ದದ ಒಂದು ಕೋಲು ಸಾಕು.

ಕೇಪಿನ ಕೋವಿಯುಳ್ಳವರು ಮತ್ತಷ್ಟು ಎಚ್ಚರದಿಂದಿರಬೇಕು. ಕೇಪು ಸಿಡಿಯುವುದು ಕೆನ್ನೆಯ ಸಮೀಪದಲ್ಲಿಯೇ. ಅದರ ತಗಡಿನ ಚೂರು ಎತ್ತ ಹಾರುವುದೆಂದು ಹೇಳುವಂತಿಲ್ಲ. ನಲ್ವತ್ತು ವರ್ಷ ಏನೂ ಆಗಲಿಲ್ಲವೆಂಬುದು ಮಾವನವರ ಕೈಗುಣ ಹಾಗೂ ಭಾಗ್ಯ; ಅವರ ಕನ್ನಡಕದ ಗುಣವಲ್ಲ. ಪಕ್ಕದಲ್ಲಿ ನಿಂತು ನೋಡುವವರಿಗೂ ಇದೇ ಮಾತು ಅನ್ವಯಿಸುತ್ತದೆ. ವಯನಾಡಿನ ಆಚೆಯ ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದ ವೇಳೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಅಲ್ಲಿ ನೆರೆಯುವ ಬಂಧುಬಳಗದ ಕಣ್ಣೂ ಕಣ್ಣೇ.

ಒಂದು ಕಣ್ಣಿನ ದೃಷ್ಟಿ ಮಂದವಾಗಿರುವವರಿಗೆ, ಕೋವಿ ಹಿಡಿಯಲಿ ಬಿಡಲಿ, ನಿತ್ಯದ ಕನ್ನಡಕವೇ ಪಾಲಿಕಾರ್ಬೊನೇಟಿನದಾಗಿರಬೇಕು.

ಈ ಗಾಜನ್ನು ಒಣ ಬೈರಾಸಿನಿಂದ ತಿಕ್ಕಬಾರದು. ನೀರಿನಲ್ಲಿ ತೊಳೆದು ಮೆದು ಬಟ್ಟೆಯಿಂದ ಒತ್ತಿ ಒರೆಸಬೇಕು. ಥಿನ್ನರ್, ಉಗುರಿನ ಬಣ್ಣ ತೆಗೆಯುವ ದ್ರವ ಸೋಂಕಿದರೆ ಅದು ಕೆಡುತ್ತದೆ. ಮಳೆಗಾಲದಲ್ಲಿ ಆವಿ ಕಟ್ಟಿದರೆ, ಬಂದೂಕನ್ನು ಬರಿದು ಮಾಡಿ ಕೆಳಗಿರಿಸಿ, ಉಳಿದವರ ಹೊಡೆತವೂ ನಿಂತ ಮೇಲೆಯೇ ಕಣ್ಗಾಪು ತೆಗೆದು ಒರೆಸಬೇಕು. ತೋಟೆಯ ಸೀಸ ಕೈಗಂಟಿರುವುದರಿಂದ ಸಾಬೂನಿನಿಂದ ತೊಳೆಯದೆ ಕಣ್ಣುಜ್ಜಬಾರದು.

ಅವಘಡವೇ ಸಂಭವಿಸಿ ಕಣ್ಣಿಗೆ ಚೂರು ಹೊಕ್ಕರೆ ಅದನ್ನು ಕೀಳಬಾರದು, ಉಜ್ಜಬಾರದು, ನೀರು ಹಾಯಿಸಬಾರದು. ಎದೆಹಾಲು, ಎಣ್ಣೆ, ಮನೆಯಲ್ಲಿರುವ ಕಣ್ಣಿನ ಮದ್ದು ಯಾವುದೂ ಕೂಡದು. ಕಾಗದದ ಲೋಟದ ತಳಭಾಗವನ್ನು ಕತ್ತರಿಸಿ ಕಣ್ಣಿಗೆ ತಾಗದಂತೆ ಎಲುಬಿನ ಮೇಲೆ ಊರಿ, ಒತ್ತಡ ಬೀಳದಂತೆ ಪಟ್ಟಿ ಅಂಟಿಸಿ, ಕಣ್ಣಿನ ಶಸ್ತ್ರಚಿಕಿತ್ಸೆಯಿರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಅರಿವಳಿಕೆ ಕೊಡಬೇಕಾಗಿ ಬರುವುದರಿಂದ ದಾರಿಯಲ್ಲಿ ತಿನ್ನಲು ಕುಡಿಯಲು ಏನನ್ನೂ ಕೊಡಬಾರದು. ಗಾಯಗೊಂಡ ಕಣ್ಣಿನ ದೆಸೆಯಿಂದ ಅಪರೂಪಕ್ಕೆ ಎರಡನೆಯ ಕಣ್ಣೂ ಉರಿಯೂತಕ್ಕೊಳಗಾಗಿ ಕೆಡುವುದುಂಟು. ಆದುದರಿಂದ ನೋವು ತಗ್ಗಿತೆಂದು ವೈದ್ಯರ ಭೇಟಿಯನ್ನು ನಿಲ್ಲಿಸಬಾರದು.

ಗುಂಡಿನ ಸದ್ದಿನಿಂದ ಕಿವಿಗೆ ಒದಗುವ ಹಾನಿಯ ಕುರಿತೂ ಆ ಸೋದರಿ ಪ್ರಶ್ನಿಸಿದ್ದಾರೆ. ಅದನ್ನು ಮುಂದಿನ ತಿಂಗಳು ನೋಡೋಣ. ಶಿಬಿರ ಅದಕ್ಕೂ ಮುಂಚೆ ನಡೆಯುವುದಾದರೆ, ಮಗಳ ಚೀಲದಲ್ಲಿ ಕಣ್ಗಾಪಿನ ಜತೆಗೆ ಕಿವಿಗೆ ತುರುಕುವ ನೊರೆಬಿರಡೆಯ ಒಂದು ಜೋಡಿಯನ್ನೂ ಇರಿಸಿ ಕಳುಹಿಸಲಿ.