ಮೇಪಲ್ ಎಲೆ ಎಲ್ಲಿಂದ ತರೋಣ?

ಎಲ್‌ಕೆಜಿಗೆ ಹೋಗುವ ಮೊಮ್ಮಗಳಿಗೆ ಅಕ್ಟೋಬರ್‌ನಲ್ಲಿ ಶಾಲೆಯಿಂದ ಬಂದ ಕೆಲಸ: ಶರತ್ಕಾಲದ ಉದುರೆಲೆಗಳನ್ನು ಹಾಳೆಗೆ ಅಂಟಿಸುವುದು. ಅಂಗಡಿಯಿಂದ ಕೆಂಪು ಮೇಪಲ್ ಎಲೆಯ ಸ್ಟಿಕ್ಕರ್ ತಂದದ್ದಾಯಿತು. ನಮ್ಮಲ್ಲಿ ನವರಾತ್ರಿಯ ಹೊತ್ತಿಗೆ ಮರಗಳು ಮಳೆ ಕುಡಿದು ಹಸಿರಾಗಿಯೇ ಇರುತ್ತವೆ. ಕಾಡುಬಾದಾಮಿ ಎಲೆ ಕೆಂಪಾಗಿ ಉದುರುವುದು ಸಂಕ್ರಾಂತಿಯ ಆಚೀಚೆ. ನವರಾತ್ರಿಯ ಕಾಲಕ್ಕೆ ಮಕ್ಕಳ ಕೈಗೆ ಕೊಡಬೇಕಾದದ್ದು ಚೆಂಡುಹೂವಿನ ಎಸಳು, ಗೊಂಬೆ ಮಾಡಲು ಒಂದು ಮುದ್ದೆ ಜೇಡಿಮಣ್ಣು, ತೆಂಗಿನ ಗರಿ. ಗರಿಯಲ್ಲಿ ಪೀಪಿ ಸುತ್ತುವುದನ್ನು ನಾನೇ ತೋರಿಸಿಕೊಟ್ಟೆ. (ಕಡ್ಡಿ ಚುಚ್ಚೀತು, ಅದನ್ನು ದೊಡ್ಡವರೇ ಸೀಳಿ ತೆಗೆಯಬೇಕು.) ಮೂರು ದಿನ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲಿಲ್ಲ! ‘ವೆರಿ ಗುಡ್’ ಸಿಕ್ಕಿದ್ದು ಮಾತ್ರ ಸ್ಟಿಕ್ಕರ್ ಹಾಳೆಗೆ.

— ಒಬ್ಬ ಅಜ್ಜ, ತಿಪಟೂರು