ಯಾರ ನೀರಿನ ಮೇಲೆ ಯಾರ ವಿಶ್ರಾಂತಿ?

ನಿವೃತ್ತರಾದ ಮೇಲೆ ಬಾಲಿ ದ್ವೀಪದ ಭತ್ತದ ಗದ್ದೆಗಳ ನಡುವೆ ಅಗ್ಗದಲ್ಲಿ ಬದುಕಿರೆಂದು ಸಿರಿವಂತ ದೇಶಗಳ ಜನರನ್ನು ಕರೆಯಲಾಗುತ್ತಿದೆ. ಈ ಅಗ್ಗದ ಬೆಲೆ ತೆರುವವರು ಯಾರು?

ಇಂಡೋನೇಷ್ಯಾದ 1960ರ ಭೂಕಾಯಿದೆ ವಿದೇಶೀಯರಿಗೆ ಭೂಮಿಯ ಪೂರ್ಣ ಒಡೆತನ ಕೊಡದು. ಆದರೆ ದೀರ್ಘಾವಧಿ ಗುತ್ತಿಗೆಗೆ ಅಡ್ಡಿಯಿಲ್ಲ. ಬಂಗಲೆ ಎದ್ದ ನೆಲ, ಗುತ್ತಿಗೆ ತೀರಿದರೂ ಮರಳಿ ಗದ್ದೆಯಾಗದು.

ಅಲ್ಲಿನ ಗದ್ದೆ ಒಂಟಿಯಲ್ಲ. 'ಸುಬಕ್' ಎಂಬ ರೈತರ ನೀರಾವರಿ ಸಂಘಗಳು ಜಲದೇಗುಲಗಳಲ್ಲಿ ಕೂಡಿ ನೀರಿನ ಸರದಿಯನ್ನೂ ನಾಟಿಯ ಕಾಲವನ್ನೂ ನಿರ್ಧರಿಸುತ್ತವೆ. ಸುತ್ತಲಿನ ಗದ್ದೆಗಳು ಒಟ್ಟಿಗೆ ಬಿಡುವು ಪಡೆದಾಗ ಕೀಟಗಳಿಗೆ ಆಹಾರ ತಪ್ಪುತ್ತದೆ. 1970ರ ದಶಕದಲ್ಲಿ ಸರ್ಕಾರವು ಬಿಡುವಿಲ್ಲದೆ ಭತ್ತ ಬೆಳೆಯಿಸಹೊರಟು ಈ ಸರದಿ ಮುರಿದಾಗ ನೀರಿನ ಗೊಂದಲವೂ ಕೀಟಬಾಧೆಯೂ ಒಟ್ಟಿಗೇ ಬಂದವು.

2012ರಲ್ಲಿ ಸುಬಕ್ ವ್ಯವಸ್ಥೆಯ ಭೂದೃಶ್ಯವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿತು. 2022ರಲ್ಲಿ ಅದೇ ದೇಶದ ಸರ್ಕಾರ 200 ಕೋಟಿ ರೂಪಿಯಾ ತೋರಿಸಬಲ್ಲ ವಿದೇಶೀಯರಿಗೆ 'ಎರಡನೇ ಮನೆ' ವೀಸಾ ತಂದಿತು. ಒಂದು ಕೈಯಲ್ಲಿ ಪೂಜೆ, ಇನ್ನೊಂದರಲ್ಲಿ ಹರಾಜು!

ಮೇಲಿನ ಗದ್ದೆಯಲ್ಲಿ ಗೋಡೆ ಎದ್ದರೆ ಕೆಳಗಿನ ಗದ್ದೆಯ ಗತಿಯೇನೆಂದು ಮಲೆನಾಡಿಗರಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಸುಬಕ್ಕಿನ ನೀರುಣ್ಣುವ ಗದ್ದೆಯನ್ನು ಮನೆ ಕಟ್ಟಲು ಗುತ್ತಿಗೆ ಕೊಡುವುದನ್ನೇ ನಿಷೇಧಿಸಬೇಕು. ಹಸಿರು ನೋಡಲು ಬಂದವರಿಗಾಗಿ ಹಸಿರನ್ನೇ ಅಳಿಸುವುದು ಅಭಿವೃದ್ಧಿಯಲ್ಲ.