ಏಳನೆಯ ತರಗತಿ ಮತ್ತು ಬಾಹ್ಯಾಕಾಶದ ಹವಾಮಾನ

2024ರ ಮೇ 10ರ ರಾತ್ರಿ ಪ್ರಬಲ ಸೌರ ಬಿರುಗಾಳಿಯಿಂದಾಗಿ ಲಡಾಖಿನ ಹಾನ್ಲೆಯ ಆಗಸ ಕೆಂಪೇರಿತ್ತು. ಮರುದಿನ, ರಜೆಯಲ್ಲಿದ್ದ ನನ್ನ ಮೊಮ್ಮಗಳು ಮೊಬೈಲಿಗೆ ಬಂದ ಸಂದೇಶವೊಂದನ್ನು ತೋರಿಸಿ, 'ಇವತ್ತು ರಾತ್ರಿ ಸೂರ್ಯನ ಕಿರಣ ಮೈ ಸುಡುತ್ತಂತೆ, ಫೋನ್ ದೂರ ಇಡಬೇಕಂತೆ. ನಿಜವಾ ತಾತ?' ಎಂದಳು. ಅರ್ಥಶಾಸ್ತ್ರ ಓದಿ, ಕಡತಗಳ ನಡುವೆ ಬದುಕು ಸವೆಸಿದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಕೆಯ ವಿಜ್ಞಾನ ಪುಸ್ತಕ ತಿರುವಿದೆ. ಅಲ್ಲಿ ಸೂರ್ಯ ಎಂದೂ ಬದಲಾಗದ ದೀಪದಂತಿದ್ದ.

ವಾಸ್ತವ ಬೇರೆಯೇ. ಸೂರ್ಯ ಆಗಾಗ ಕಾಂತಕ್ಷೇತ್ರ ಸಮೇತ ವಿದ್ಯುದಾವೇಶಭರಿತ ಅನಿಲವನ್ನು ಹೊರಚೆಲ್ಲುತ್ತಾನೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನಗಳಲ್ಲಿ ಅದು ಇಲ್ಲಿಗೆ ತಲುಪುತ್ತದೆ. ವಾತಾವರಣ ಮತ್ತು ಭೂಕಾಂತತ್ವದ ಕವಚವಿರುವುದರಿಂದ ನಮ್ಮ ಮೈ ಸುಡುವುದಿಲ್ಲ. ಪೆಟ್ಟು ಬೀಳುವುದು ವ್ಯವಸ್ಥೆಗಳಿಗೆ. 1989ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿದ್ದರು. 2022ರ ಫೆಬ್ರುವರಿಯಲ್ಲಿ ಬಿರುಗಾಳಿ ಮೇಲ್ವಾತಾವರಣವನ್ನು ಉಬ್ಬಿಸಿದ್ದರಿಂದ, ಆಗಷ್ಟೇ ಉಡಾವಣೆಯಾಗಿದ್ದ 49 ಸ್ಟಾರ್‌ಲಿಂಕ್ ಉಪಗ್ರಹಗಳ ಬಹುಪಾಲು ನಾಶವಾದವು. ಧ್ರುವಗಳಿಂದ ದೂರವಿರುವ ನಮ್ಮ ವಿದ್ಯುತ್ ಜಾಲಕ್ಕೆ ಕೆನಡಾದಷ್ಟು ಅಪಾಯವಿಲ್ಲ. ಆದರೆ ನಮ್ಮ ನೆತ್ತಿಯ ಮೇಲಿನ ಅಯಾನುಗೋಳ ಮೊದಲೇ ಚಂಚಲ. ಅದು ಕಲಕಿದಾಗ ಮಲ್ಪೆಯ ದೋಣಿ ನಂಬುವ ಜಿಪಿಎಸ್ ಕೂಡ ತಪ್ಪು ಹೇಳಬಹುದು.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಅಧೀನದ ಕೊಡೈಕನಾಲ್ ವೀಕ್ಷಣಾಲಯ ಶತಮಾನಕ್ಕೂ ಮಿಗಿಲಾಗಿ ಸೂರ್ಯನ ಚಿತ್ರ ತೆಗೆಯುತ್ತ ಬಂದಿದೆ. 2023ರಲ್ಲಿ ಹಾರಿದ ಆದಿತ್ಯ-ಎಲ್1ರ ಪ್ರಧಾನ ಉಪಕರಣವನ್ನು ರೂಪಿಸಿದ್ದೂ ಇದೇ ಸಂಸ್ಥೆ. ಇಷ್ಟಿದ್ದೂ ನಮ್ಮ ಮಕ್ಕಳಿಗೆ ಸೌರ ಬಿರುಗಾಳಿಯ ಪರಿಚಯವಾಗುವುದು ವದಂತಿಗಳ ಮೂಲಕ!

ಪಠ್ಯದ ಹೊರೆ ಈಗಾಗಲೇ ಹೆಚ್ಚಾಗಿದೆ ಎಂಬ ಆಕ್ಷೇಪ ಸರಿ. ಇದನ್ನೂ ಎರಡು ಅಂಕದ ಪ್ರಶ್ನೆಯಾಗಿಸಿದರೆ ಕೆಲಸ ಕೆಟ್ಟಂತೆಯೇ. ಸುತ್ತೋಲೆಯಿಂದಲೂ ಆಗದು, ಅಂಥ ಎಷ್ಟೋ ಸುತ್ತೋಲೆಗಳಿಗೆ ಸಹಿ ಹಾಕಿದವನು ನಾನು. ಗ್ರಹಗಳ ವ್ಯಾಸದ ಬಾಯಿಪಾಠ ಬಿಟ್ಟು, ಶಿಕ್ಷಕರಿಗೆ ವಾರಕ್ಕೊಂದು ಬಿಡುವಿನ ಅವಧಿ ಕೊಟ್ಟರೆ ಸಾಕು.

ಅಂದು ನೆರೆಮನೆಯ ನಿವೃತ್ತ ಮೇಷ್ಟರೊಬ್ಬರು ದಾರಿ ತೋರಿದರು. ಚಿಕ್ಕ ಕನ್ನಡಿಗೆ ಕಾಗದ ಅಂಟಿಸಿ, ನಡುವೆ ಕಡಲೆಕಾಳಿನಷ್ಟು ತೂತು ಮಾಡಿ, ಅಂಗಳದಲ್ಲಿ ಬಿಸಿಲಿಗೆ ಹಿಡಿದೆವು. ಸೂರ್ಯನನ್ನಾಗಲಿ ಕನ್ನಡಿಯನ್ನಾಗಲಿ ನೇರ ನೋಡಕೂಡದೆಂದು ಮೇಷ್ಟರು ಮೊದಲೇ ತಾಕೀತು ಮಾಡಿದ್ದರು. ಹತ್ತು ಮೀಟರ್ ದೂರದ ಕತ್ತಲೆ ಕೋಣೆಯ ಗೋಡೆಯ ಮೇಲೆ ಅಂಗೈಯಗಲದ ಸೂರ್ಯ ಮೂಡಿದ. ಅಂಚಿನ ಬಳಿ ಮಸುಕು ಕಲೆ. ಬಿರುಗಾಳಿ ಹೊರಟಿದ್ದು ಅಲ್ಲಿಂದಲೇ. ಮೊಮ್ಮಗಳು ಕನ್ನಡಿಯಲ್ಲಿ ಕೊಳೆಯಿದೆಯೆಂದು ಒರೆಸಿದಳು. ಕಲೆ ಹಾಗೆಯೇ ಇತ್ತು.